ಫೋನಿಗೆ ಒಂದು ಪಾತಿ

ಹೋದ ಮಾರ್ಚಿನಲ್ಲಿ, ಕಾಫಿ ಹೂವರಳಿಸುವ ಹೂಮಳೆ ಬಿದ್ದ ಮಾರನೆಯ ಬೆಳಿಗ್ಗೆ, ನರ್ಸರಿ ಕೆಲಸದ ಲಕ್ಷ್ಮಮ್ಮ ಬಾಳ್ಳುಪೇಟೆಯ ನನ್ನ ಸ್ಟುಡಿಯೋಕ್ಕೆ ಬಂದರು. ಒಳಗೆ ಬರದೆ ಮೆಟ್ಟಿಲ ಮೇಲೇ ನಿಂತು, ನರ್ಸರಿ ಅಕ್ಕ ಹೋಗಿಬಿಟ್ಟರು ಎಂದರು. ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಅಕ್ಕನ ತಮ್ಮ ಫ್ಲೆಕ್ಸ್ ಮಾಡಿಸಬೇಕೆಂದು ಒಂದು ಫೋಟೋ ಕೇಳಿ ಕಳಿಸಿದ್ದರು.

ನಾನು ಕಂಪ್ಯೂಟರ್ ಮುಂದೆ ಕೂತೆ. ನಾಲ್ಕು ವರ್ಷ ಅವರ ನರ್ಸರಿಯ ವಿಡಿಯೋ ಮಾಡಿದವನು ನಾನು. ಫೈಲಿನ ಮೇಲೆ ಫೈಲು ತೆಗೆದು ನೋಡಿದೆ. ಎಲ್ಲದರಲ್ಲೂ ಅವರ ಕೈ ಇದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮಣ್ಣು ತಿಕ್ಕುತ್ತಿರುವ ಕೈ, ಸಸಿಯ ಚೀಲವನ್ನು ಮೊಣಕಾಲಿಗೆ ಎರಡು ಸಲ ಕುಟ್ಟುತ್ತಿರುವ ಕೈ, ಕೊಡೆಯ ತುದಿಯಿಂದ ಗುಂಡಿಯ ಆಳ ಅಳೆಯುತ್ತಿರುವ ಕೈ. ಮುಖ ಮಾತ್ರ ಒಂದರಲ್ಲೂ ಇಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಸಸಿ ತಗೊಳ್ಳೋರಿಗೆ ನನ್ನ ಮುಖ ಯಾಕೆ ಎಂದು ತಿರುಗಿಬಿಡುತ್ತಿದ್ದರು. ಈ ಸೀಮೆಯ ಅರ್ಧಕ್ಕರ್ಧ ಮದುಮಕ್ಕಳ ಫೋಟೋ ತೆಗೆದಿದ್ದೇನೆ ಎಂದು ಎದೆಯುಬ್ಬಿಸಿ ಓಡಾಡುವ ನನ್ನ ಬಳಿ, ನಾನು ಅತಿ ಹೆಚ್ಚು ಗೌರವಿಸಿದ ಹೆಂಗಸಿನ ಒಂದು ಫೋಟೋ ಇರಲಿಲ್ಲ. ಕಂಪ್ಯೂಟರ್ ಮುಂದೆ ಕೂತೇ ಅತ್ತೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ ಎಂದು ಗೊತ್ತು. ಅವರ ನರ್ಸರಿಗೂ ಹೆಸರಿರಲಿಲ್ಲ. ಬಾಳ್ಳುಪೇಟೆಯಿಂದ ಒಳಗೆ ಹೋಗುವ ದಾರಿಯಲ್ಲಿ, ಒಂದು ತಗಡಿನ ಬೋರ್ಡಿನ ಮೇಲೆ ಸುಣ್ಣದಲ್ಲಿ ಬರೆಸಿದ್ದು ಎರಡೇ ಸಾಲು: ‘ಕಾಫಿ, ಮೆಣಸಿನ ಸಸಿ ಸಿಗುತ್ತದೆ. ಮಣ್ಣು ತನ್ನಿ.’ ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಆ ಅಕ್ಷರಗಳನ್ನು ಮತ್ತೆ ತಿದ್ದಿಸುತ್ತಿದ್ದರು. ಹೊಸಬರು ಅದನ್ನು ಓದಿ, ನರ್ಸರಿಗೆ ಮಣ್ಣಿನ ಲೋಡು ಬೇಕಾಗಿದೆಯೇನೋ ಎಂದುಕೊಂಡದ್ದೂ ಉಂಟು.

ಆ ಮಾತಿನ ಅರ್ಥ ಬೇರೆ. ಅಕ್ಕನ ಹತ್ತಿರ ಸಸಿ ಬೇಕಾದವರು ತಮ್ಮ ತೋಟದ ಮಣ್ಣನ್ನು ಒಂದು ಹಿಡಿ ತರಬೇಕು. ಅಕ್ಕ ಅದನ್ನು ಅಂಗೈಯಲ್ಲಿ ಹಾಕಿಕೊಂಡು, ನಾಲ್ಕು ಹನಿ ನೀರು ಚಿಮುಕಿಸಿ, ಬತ್ತಿ ಹೊಸೆಯುವ ಹಾಗೆ ಹೊಸೆಯುತ್ತಿದ್ದರು. ಬತ್ತಿ ಮುರಿಯದೆ ಉದ್ದಕ್ಕೆ ಬಂದರೆ ಜೇಡಿ ಹೆಚ್ಚು, ನೀರು ನಿಲ್ಲುತ್ತದೆ, ಮೆಣಸಿನ ಬಳ್ಳಿ ಕೊಳೆಯುತ್ತದೆ. ಆಮೇಲೆ ಮೂಸುತ್ತಿದ್ದರು. ಆಮೇಲೆ ಕೇಳುತ್ತಿದ್ದರು: ಇಳಿಜಾರು ಎಷ್ಟು, ನೆರಳಿಗೆ ಯಾವ ಮರ, ಮಧ್ಯಾಹ್ನದ ಬಿಸಿಲು ಎಲ್ಲಿಂದ ಬೀಳುತ್ತದೆ. ಎಲ್ಲ ಸರಿಹೋದರೆ ಇಂಥ ತಳಿ, ಇಷ್ಟೇ ಸಸಿ ಎಂದು ಹೇಳುತ್ತಿದ್ದರು. ಸರಿಹೋಗದಿದ್ದರೆ, ನಿಮಗೆ ನಮ್ಮ ಸಸಿ ಬೇಡ ಎಂದು ಹೇಳಿ, ಒಂದು ಲೋಟ ಕಾಫಿ ಕೊಟ್ಟು ಕಳಿಸುತ್ತಿದ್ದರು. ಹಾಗೆ ಕಾಫಿ ಕುಡಿದು ಬರಿಗೈಲಿ ಹೋದವರಲ್ಲಿ ದೊಡ್ಡ ಎಸ್ಟೇಟಿನ ಒಬ್ಬ ಮ್ಯಾನೇಜರೂ ಇದ್ದರು. ಅವರು ಮುಂದಿನ ವರ್ಷ ಬಸಿಗಾಲುವೆ ತೋಡಿಸಿ, ಮತ್ತೆ ಮಣ್ಣು ತಂದರು.

ನನಗೂ ಒಮ್ಮೆ ಹೀಗೇ ಆಯಿತು. ಸ್ಟುಡಿಯೋ ಮೆಟ್ಟಿಲ ಪಕ್ಕ ಕುಂಡದಲ್ಲಿ ಒಂದು ಮೆಣಸಿನ ಬಳ್ಳಿ ಇಟ್ಟರೆ ಫೋಟೋಗೆ ಚೆನ್ನಾಗಿರುತ್ತದೆ ಎಂದು ಕೇಳಿದೆ. ಮಣ್ಣು ತಾ ಎಂದರು. ನನಗೆ ಎಲ್ಲಿಯ ಮಣ್ಣು? ಬಾಡಿಗೆ ಅಂಗಡಿ, ಅದರ ಮೇಲೊಂದು ಬಾಡಿಗೆ ಮನೆ. ಹಾಗಾದರೆ ನಿನಗೆ ಸಸಿ ಇಲ್ಲ ಎಂದು ನಕ್ಕರು. ಇಡೀ ತಾಲ್ಲೂಕಿಗೆ ಹಂಚುವವರಿಗೆ ನನಗೊಂದು ಕೊಡಲು ಕೈ ಬರಲಿಲ್ಲವಲ್ಲ ಎಂದು ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದೆ.

ಈ ಪದ್ಧತಿ ಹೇಗೆ ಬಂತೆಂದು ಅವರೇ ಒಮ್ಮೆ ಹೇಳಿದ್ದರು. ಮೊದಲು ಅವರು ಒಂದು ಎಸ್ಟೇಟಿನ ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವ ಕೂಲಿಗೆ ಇದ್ದರು. ಹದಿನೈದು ವರ್ಷ ಚೀಲ ತುಂಬಿ, ಕಸಿ, ಕಡ್ಡಿ, ನೆರಳು, ನೀರು ಎಲ್ಲ ಕಲಿತು, ಲಕ್ಷ್ಮಮ್ಮನನ್ನೂ ಇನ್ನಿಬ್ಬರನ್ನೂ ಕಟ್ಟಿಕೊಂಡು ತುಂಡು ಜಾಗ ಬಾಡಿಗೆಗೆ ಹಿಡಿದು ಸ್ವಂತ ನರ್ಸರಿ ಶುರುಮಾಡಿದರು. ಮೊದಲ ವರ್ಷ ಒಬ್ಬರು ಮುನ್ನೂರು ಬಳ್ಳಿ ಕೊಂಡೊಯ್ದರು. ಮುಂದೊಂದು ದಿನ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಆ ತೋಟ ಕಂಡಿತು. ಮುನ್ನೂರೂ ಒಣಗಿ ನಿಂತಿದ್ದವು. ಅಕ್ಕ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ನಡೆದು ಹೋಗಿ ಕೇಳಿದರೆ, ಆ ಮನುಷ್ಯ ನನ್ನ ಹಣೆಬರಹ ಬಿಡಿ ಅಂದನಂತೆ. ಅದು ಗದ್ದೆ ತಳದ ಜಾಗ, ನೀರು ನಿಲ್ಲುವ ಮಣ್ಣು. ನಾನು ಕೇಳಿದ್ದರೆ ಗೊತ್ತಾಗುತ್ತಿತ್ತು, ಕೇಳಲಿಲ್ಲ ಎಂದು ಅಕ್ಕ ಆ ತಪ್ಪನ್ನು ತಮ್ಮ ತಲೆಗೇ ಹಾಕಿಕೊಂಡರು. ಅಂದಿನಿಂದ ಮಣ್ಣು ನೋಡದೆ ಕೊಡುವುದಿಲ್ಲ, ಕೊಟ್ಟ ಮೇಲೆ ಒಂದು ಮಳೆಗಾಲ ಕಳೆದು ಖುದ್ದು ಹೋಗಿ ನೋಡದೆ ಇರುವುದಿಲ್ಲ. ಕೊಡೆ ಹಿಡಿದು, ಸಿಕ್ಕ ಬಸ್ಸು ಜೀಪು ಹತ್ತಿ, ಹೊಂಗಡಹಳ್ಳದ ತುದಿವರೆಗೂ ಹೋಗಿ ಬರುತ್ತಿದ್ದರು.

ಇಂಥವರು ಒಂದು ದಿನ ನನ್ನ ಸ್ಟುಡಿಯೋದಲ್ಲಿ, ಮದುಮಕ್ಕಳು ಕೂರುವ ಸ್ಟೂಲಿನ ಮೇಲೆ ಬಂದು ಕೂತರು. ಹೈವೇ ಬದಿಯಲ್ಲಿ ಬಣ್ಣದ ಬಲ್ಬು ಹಾಕಿದ ಹೊಸ ನರ್ಸರಿಯೊಂದು ಬಂದಿತ್ತು. ಅವರದು ಫೋನಿನಲ್ಲಿ ಪೇಜು, ದಿನಕ್ಕೊಂದು ರೀಲ್ಸು, ಹಿಂದೆ ಹಾಡು. ಮಣ್ಣು ಗಿಣ್ಣು ಯಾರೂ ಕೇಳುವುದಿಲ್ಲ. ಆ ವರ್ಷ ಅಕ್ಕನ ನರ್ಸರಿಯಲ್ಲಿ ಮೊದಲ ಸಲ ಎರಡು ಪಾತಿ ಸಸಿ ಹಾಗೇ ಉಳಿದು, ಬೇರು ಚೀಲ ಹರಿದು ನೆಲಕ್ಕೆ ಇಳಿದಿತ್ತು. ಆ ಹೊತ್ತಿಗೆ ಆರು ಜನ ಹೆಂಗಸರು ಅವರ ಜೊತೆ ಕೆಲಸಕ್ಕಿದ್ದರು. ಇನ್ನೊಂದು ವರ್ಷ ಹೀಗಾದರೆ ಇಬ್ಬರನ್ನು ಬಿಡಬೇಕಾಗುತ್ತದೆ, ಯಾವ ಇಬ್ಬರು ಅಂತ ಯೋಚನೆ ಮಾಡೋಕೇ ಆಗ್ತಿಲ್ಲ ಎಂದರು. ಆಮೇಲೆ ನನ್ನ ಫೋನಿನ ಕಡೆ ಬೆರಳು ಮಾಡಿ ಕೇಳಿದರು.

“ನಮ್ಮಂಥೋರು ಇದ್ರೊಳಗೆ ಹೋಗ್ಬೇಕೇನೋ ಮಾರಾಯ? ಸುಮ್ನೆ ಹೂಂ ಅನ್ಬ್ಯಾಡ. ಯೋಚ್ನೆ ಮಾಡಿ ಹೇಳು.”

ನಾನು ಯೋಚನೆ ಮಾಡಲಿಲ್ಲ. ಹಾಸನದಲ್ಲಿ ಒಂದು ದಿನದ ತರಬೇತಿಗೆ ಹೋಗಿ ಬಂದಿದ್ದೆ. ಸಣ್ಣ ವ್ಯಾಪಾರಕ್ಕೆ ಸೋಷಿಯಲ್ ಮೀಡಿಯಾ ಬೇಕೇ ಬೇಕು, ಇಲ್ಲದಿದ್ದರೆ ನೀವು ಇಲ್ಲವೇ ಇಲ್ಲ ಅಂತ ಅಲ್ಲಿ ಟೈ ಕಟ್ಟಿದವರೊಬ್ಬರು ಹೇಳಿದ್ದನ್ನೆಲ್ಲ ಅಕ್ಕನಿಗೆ ಒಪ್ಪಿಸಿದೆ. ಮಾರ್ಕೆಟಿಂಗ್ ಸ್ಟ್ರಾಟಜಿ ಎಂಬ ಮಾತನ್ನು ನಾಲ್ಕು ಸಲವಾದರೂ ಬಳಸಿದ್ದೇನೆ. ಅಕ್ಕ ಪೂರ್ತಿ ಕೇಳಿಸಿಕೊಂಡರು. ಕೇಳಿ, ಇದನ್ನು ನೋಡುವವರಲ್ಲಿ ಭೂಮಿ ಇರುವವರು ಎಷ್ಟು ಜನ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಯಾವ ಸೀಮೆಯವರು ಎಂದು ಕೇಳಿದರು. ಅದೂ ಗೊತ್ತಿರಲಿಲ್ಲ.

ಅವರು ಬೇಡ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಹೊಸ ತಳಿ ಬಂದಾಗ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಹೊಸ ತಳಿಯನ್ನು ಅವರು ಹೊಗಳುತ್ತಲೂ ಇರಲಿಲ್ಲ, ತೆಗಳುತ್ತಲೂ ಇರಲಿಲ್ಲ. ಒಂದು ಪಾತಿ ಬಿಟ್ಟುಕೊಟ್ಟು, ಒಂದು ಮಳೆಗಾಲ ನೋಡುತ್ತಿದ್ದರು. ಹಾಗೆಯೇ ಈಗ, ಏಳು ಪಾತಿಯಲ್ಲಿ ಒಂದು ಪಾತಿ ಫೋನಿಗೆ, ಐನೂರು ಮೆಣಸಿನ ಬಳ್ಳಿ, ಫೋನಿನಲ್ಲಿ ನೋಡಿ ಬಂದವರಿಗೆ ಅಷ್ಟೇ, ಉಳಿದದ್ದು ಹಳೆಯ ದಾರಿಯಲ್ಲೇ ಹೋಗಲಿ ಎಂದರು. ಮರುದಿನ ಹೋಗಿ ನೋಡಿದರೆ, ಬೇಲಿ ಪಕ್ಕದ ಪಾತಿಯ ತಲೆಗೆ ಒಂದು ಗೂಟ ನೆಟ್ಟು, ಅದಕ್ಕೆ ಹಳೇ ಮೊಬೈಲಿನ ಕವರೊಂದನ್ನು ಸಿಕ್ಕಿಸಿದ್ದರು. ಹೆಂಗಸರೆಲ್ಲ ಅದನ್ನು ಫೋನಿನ ಪಾತಿ ಎಂದೇ ಕರೆಯತೊಡಗಿದರು.

ನಾನು ನರ್ಸರಿಗೊಂದು ಪೇಜು ತೆರೆದು ಮೊದಲ ವಿಡಿಯೋ ಮಾಡಿದೆ. ಫೋನಿನ ಪಾತಿ ಬೇಲಿಯ ನೆರಳಿನಲ್ಲಿ ಸ್ವಲ್ಪ ಮಂಕಾಗಿ ಕಂಡಿತು. ನಡುವಿನ ಪಾತಿಗಳು ಬೆಳಕಿನಲ್ಲಿ ಫಳಫಳ ಎನ್ನುತ್ತಿದ್ದವು. ಅವನ್ನೇ ತೆಗೆದೆ. ಅಕ್ಕನ ಕೈ ಮಣ್ಣು ಹೊಸೆಯುವುದನ್ನು ತೆಗೆದು, ‘ಮಣ್ಣು ತಂದರೆ ಮಾತ್ರ ಸಸಿ’ ಎಂದು ಮೇಲೆ ಬರೆದೆ. ಹಾಡು ಬೇಡ ಎಂದಿದ್ದರು, ಹಾಕಲಿಲ್ಲ. ನೀರು ಚಿಮುಕಿಸುವ ಸದ್ದು ಮಾತ್ರ ಇತ್ತು. ನಾಲ್ಕೇ ದಿನ. ಆಮೇಲೆ ನನ್ನ ಫೋನು ನನ್ನ ಕೈಗೇ ಸಿಗದ ಹಾಗಾಯಿತು. ಮದುವೆ ಮಂಟಪದಲ್ಲಿ ತಾಳಿ ಕಟ್ಟುವ ಹೊತ್ತಿಗೆ ಯಾರೋ ಫೋನು ಮಾಡಿ, ಮಣ್ಣು ಕೊರಿಯರ್ ಮಾಡಬಹುದೇ ಎಂದು ಕೇಳುತ್ತಿದ್ದರು.

ಜನ ಬಂದರು. ಹಾಲಿನ ಕವರಿನಲ್ಲಿ, ಟಿಫಿನ್ ಬಾಕ್ಸಿನಲ್ಲಿ, ಕರ್ಚೀಫಿನಲ್ಲಿ, ಒಬ್ಬಾತ ಹೆಲ್ಮೆಟ್ಟಿನಲ್ಲಿ ಮಣ್ಣು ತಂದರು. ಅಕ್ಕ ಒಬ್ಬೊಬ್ಬರನ್ನೂ ಕೂರಿಸಿ, ಒಂದೊಂದನ್ನೂ ಹೊಸೆದು ನೋಡಿದರು. ಅದರಲ್ಲಿ ಒಬ್ಬ ಕೂಲಿಂಗ್ ಗ್ಲಾಸಿನ ಮನುಷ್ಯ ಇದು ನಮ್ಮ ತೋಟದ್ದು ಎಂದು ಕೆಂಪು ಮಣ್ಣೊಂದನ್ನು ಕೊಟ್ಟ. ಅಕ್ಕ ಬೆರಳಲ್ಲಿ ತಿಕ್ಕಿದರು, ಮೂಸಿದರು, ಅದರೊಳಗಿನ ಒಂದು ಚೂರು ಕಲ್ಲನ್ನು ಉಗುರಿನಲ್ಲಿ ಎತ್ತಿ ನೋಡಿದರು.

“ಇದು ಮಾರನಹಳ್ಳಿ ತಾವ ರಸ್ತೆಗೆ ಗುಡ್ಡದ ದರೆ ಕಡ್ದವ್ರಲ್ಲ, ಅಲ್ಲೀದು. ಜಲ್ಲಿಪುಡಿ ಐತೆ ನೋಡಿ. ಬರೋವಾಗ ಗಾಡಿ ನಿಲ್ಸಿ ತಗಂಡ್ರಾ?” ಎಂದು ಕೇಳಿದರು. ದನಿಯಲ್ಲಿ ಒಂಚೂರೂ ಗಡಸಿರಲಿಲ್ಲ.

ಆತ ಗ್ಲಾಸು ತೆಗೆದು ನಕ್ಕುಬಿಟ್ಟ. ಮನೆ ಬಿಡುವಾಗ ಮರೆತಿದ್ದನಂತೆ. ಅಕ್ಕ ಅವನಿಗೂ ಕಾಫಿ ಕೊಟ್ಟು, ಮುಂದಿನ ಭಾನುವಾರ ನಿಮ್ಮದೇ ತನ್ನಿ ಎಂದರು. ಭಾನುವಾರ ಆತ ಬಂದ. ನಾನು ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ, ಹೇಳಿದಾಗಲೆಲ್ಲ ನಾನೇ ಆ ಮಣ್ಣು ಗುರುತಿಸಿದೆನೇನೋ ಎಂಬಂತೆ ಜಂಬ ಪಡುತ್ತೇನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೇ ತಿಂಗಳು ಮುಗಿಯುವಷ್ಟರಲ್ಲಿ ಫೋನಿನ ಪಾತಿಯ ಐನೂರೂ ಮುಗಿದವು. ಫೋನು ಮಾತ್ರ ನಿಲ್ಲಲಿಲ್ಲ. ಅರಸೀಕೆರೆ ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು ದಿನಾ ಮಾಡುತ್ತಿದ್ದರು. ಅಡಿಕೆ ಮರಕ್ಕೆ ಹಬ್ಬಿಸಲು ಆರುನೂರು ಬಳ್ಳಿ ಬೇಕು, ಮಳೆ ಹಿಡಿದ ಕೂಡಲೇ ಬರುತ್ತೇನೆ, ಇಟ್ಟಿರುತ್ತೀರಾ ಎನ್ನುತ್ತಿದ್ದರು. ನಾನು ನರ್ಸರಿಗೆ ಹೋಗಿ ಸುತ್ತ ನೋಡಿದೆ. ನಡುವಿನ ಪಾತಿಗಳ ತುಂಬ ಬಳ್ಳಿ ನಿಂತಿತ್ತು. ಯಾವ ಪಾತಿಗೂ ಯಾರ ಹೆಸರಿನ ಚೀಟಿಯೂ ಇರಲಿಲ್ಲ, ಯಾರೂ ಬುಕ್ ಮಾಡಿರಲಿಲ್ಲ. ಅಕ್ಕನನ್ನು ಒಂದು ಮಾತು ಕೇಳದೆ, ಬನ್ನಿ ಸಾರ್, ನಿಮ್ಮ ಆರುನೂರು ಗ್ಯಾರಂಟಿ ಎಂದುಬಿಟ್ಟೆ. ಅಕ್ಕನಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಂಬಿದ್ದೆ.

ಈ ಸೀಮೆಯಲ್ಲಿ ಹುಟ್ಟಿ ಬೆಳೆದೂ ನನಗೆ ಹೊಳೆಯದ ಒಂದು ಸಂಗತಿ ಇತ್ತು. ಅಕ್ಕನ ಹಳೆಯ ಗಿರಾಕಿಗಳು ಯಾರೂ ಬುಕ್ ಮಾಡುತ್ತಿರಲಿಲ್ಲ. ನನಗೆ ಇಷ್ಟು ಇಟ್ಟಿರಿ ಎಂದು ಹೇಳುವುದೇ ಅವರಿಗೆ ಸಂಕೋಚ, ಅಕ್ಕ ಮರೆಯುತ್ತಾರೆ ಎಂದಂತಾಗುತ್ತದೆ ಎಂದು. ಅವರು ಸಂತೆಯಲ್ಲೋ ಮದುವೆಯಲ್ಲೋ ಸಿಕ್ಕಾಗ, ಈ ಸಲ ಆ ಮೇಲಿನ ದಿಣ್ಣೆ ಬಳ್ಳಿ ಹೋದವು ಅಂತ ಮಾತಿನ ನಡುವೆ ಹೇಳಿರುತ್ತಾರೆ, ಅಷ್ಟೇ. ಅಕ್ಕ ಹೂಂ ಎಂದಿರುತ್ತಾರೆ. ಫೆಬ್ರವರಿಯಲ್ಲಿ ಬಳ್ಳಿಯ ಕಡ್ಡಿ ನೆಡುವಾಗ ಅಷ್ಟನ್ನು ಲೆಕ್ಕಕ್ಕೆ ಹಿಡಿದು ನೆಡುತ್ತಾರೆ. ಮಳೆ ಹಿಡಿದ ಮೇಲೆ ಅವರು ಜೀಪು ತಂದು ನಿಲ್ಲಿಸುತ್ತಾರೆ. ಮೂವತ್ತು ವರ್ಷದಲ್ಲಿ ಹಾಗೆ ಬಂದ ಒಬ್ಬರೂ ಖಾಲಿ ಜೀಪು ವಾಪಸು ಒಯ್ದದ್ದಿಲ್ಲ. ನಾನು ಖಾಲಿ ಎಂದು ತಿಳಿದ ಪಾತಿಗಳೆಲ್ಲ ತಲೆಯೊಳಗೆ ಹೆಸರು ಬರೆದಿಟ್ಟ ಪಾತಿಗಳು.

ಜೂನಿನಲ್ಲಿ ಮಳೆ ಹಿಡಿದು ಮೂರನೆಯ ದಿನ, ಮೇಷ್ಟ್ರು ಪಿಕಪ್ ವ್ಯಾನಿನಲ್ಲಿ ಬಂದರು. ಸ್ಟೀಲ್ ಡಬ್ಬಿಯಲ್ಲಿ ಮಣ್ಣು ತಂದಿದ್ದರು, ಮೇಲೆ ಬಿಳಿ ಬಟ್ಟೆ ಕಟ್ಟಿದ್ದರು. ಅವರು ಇಳಿಯುವುದಕ್ಕೂ ಹೊಂಗಡಹಳ್ಳದ ತಮ್ಮಣ್ಣಗೌಡರ ಜೀಪು ಬರುವುದಕ್ಕೂ ಸರಿಹೋಯಿತು. ಗೌಡರಿಗೆ ಇರುವುದೇ ಮೂರು ಎಕರೆ. ಹಿಂದಿನ ಮಳೆಗಾಲ ಸೊರಗು ರೋಗ ಬಂದು ಅರ್ಧಕ್ಕೂ ಹೆಚ್ಚು ಬಳ್ಳಿ ಸತ್ತಿದ್ದವು. ಈ ಸಲ ಅವರಿಗೂ ಆರುನೂರೇ ಬೇಕಿತ್ತು. ಮಾರಲು ಉಳಿದಿದ್ದದ್ದೂ ಅವೇ ಆರುನೂರು. ಅವರು ಎಂದಿನಂತೆ ಜೀಪಿನ ಹಿಂಬಾಗಿಲು ತೆಗೆದು ಕೂತರು.

ನಾನು ಅಕ್ಕನನ್ನು ಪಕ್ಕಕ್ಕೆ ಕರೆದು ಮೇಷ್ಟ್ರಿಗೆ ಮಾತು ಕೊಟ್ಟ ವಿಷಯ ಹೇಳಿದೆ. ಬಯ್ಯುತ್ತಾರೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಮೇಷ್ಟ್ರಿಗೆ ಇಲ್ಲ ಅಂದುಬಿಡೋಣ ಅಕ್ಕ, ಮಾತು ಕೊಟ್ಟದ್ದು ನಾನು, ನೀವಲ್ಲ ಎಂದೆ.

“ಯಾರ ಬಾಯಿಂದ ಬಂದ್ರೇನೋ, ಈ ನರ್ಸರಿಯಿಂದ ಹೋದ ಮಾತು ನಂದೇ ಕಣೋ” ಎಂದರು.

ಮೇಷ್ಟ್ರ ಡಬ್ಬಿ ಬಿಚ್ಚಿ ಮಣ್ಣು ನೋಡಿದರು. ಹೊಸೆದರು. ಬತ್ತಿ ಅರ್ಧಕ್ಕೆ ಮುರಿಯಿತು. ಅಡಿಕೆಗೆ ನೀರು ಹೇಗೆ ಬಿಡುತ್ತೀರಿ, ಬುಡದಲ್ಲಿ ನಿಲ್ಲುತ್ತದೆಯೇ ಎಂದು ಕೇಳಿದರು. ಕೇಳಿದ್ದಕ್ಕೆಲ್ಲ ಮೇಷ್ಟ್ರು ವಿವರವಾಗಿ ಉತ್ತರ ಕೊಟ್ಟರು. ಮಣ್ಣು ಒಳ್ಳೆಯದಿದೆ, ಮನುಷ್ಯನೂ ಸರಿಯಿದ್ದಾರೆ, ಹೇಳಿದ್ದನ್ನೆಲ್ಲ ಮಾಡಿಕೊಂಡು ಬಂದವರನ್ನು ವಾಪಸು ಕಳಿಸುವುದು ಹೇಗೆ ಎಂದು ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. ನಡುವಿನ ಪಾತಿಯ ಆರುನೂರು ಬಳ್ಳಿ ವ್ಯಾನು ಹತ್ತಿದವು. ಗೌಡರು ಜೀಪಿನಲ್ಲಿ ಕೂತು ಅದನ್ನು ನೋಡುತ್ತಿದ್ದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ವ್ಯಾನು ಹೋದ ಮೇಲೆ ಅಕ್ಕ ಲಕ್ಷ್ಮಮ್ಮನನ್ನು ಕರೆದು, ಹಿಂದಿನದನ್ನು ತೆಗೆಯಿರಿ ಎಂದರು. ಲಕ್ಷ್ಮಮ್ಮ ಅಲ್ಲಾಡಲಿಲ್ಲ. ಅಕ್ಕ ಇನ್ನೊಂದು ಸಲ ಹೇಳಬೇಕಾಯಿತು.

ಹಿಂದಿನದು ಎಂದರೆ ಏನೆಂದು ನನಗೆ ಆಮೇಲೆ ಗೊತ್ತಾಯಿತು. ಇಡೀ ಬೆಟ್ಟಕ್ಕೆ ಸಸಿ ಕೊಟ್ಟ ಆ ಹೆಂಗಸಿಗೆ ಸ್ವಂತ ತೋಟ ಎಂಬುದು ಇರಲಿಲ್ಲ. ಅದಕ್ಕೂ ಐದು ವರ್ಷ ಮೊದಲು, ನರ್ಸರಿ ಹಿಂದಿನ ಮುಕ್ಕಾಲು ಎಕರೆ ದಿಣ್ಣೆಯನ್ನು ಕೊಂಡಿದ್ದರು. ಕೊಂಡ ವರ್ಷವೇ ಸಿಲ್ವರ್ ಮರ ನೆಟ್ಟು, ಅವು ಬಳ್ಳಿ ಹೊರುವಷ್ಟು ದಪ್ಪವಾಗಲಿ ಎಂದು ಕಾದಿದ್ದರು. ಆ ಜೂನಿನಲ್ಲಿ ನೆಡಬೇಕೆಂದು, ತಾವೇ ಆರಿಸಿ ತಂದ ತಾಯಿಬಳ್ಳಿಯ ಕಡ್ಡಿಗಳನ್ನು ಶೆಡ್ಡಿನ ಹಿಂದೆ ಬೇರೆಯಾಗಿ ಬೆಳೆಸಿದ್ದರು. ಗುಂಡಿ ತೆಗೆದಾಗಿತ್ತು. ಆ ಬಳ್ಳಿಗಳನ್ನೇ ಎತ್ತಿ ಗೌಡರ ಜೀಪಿಗೆ ತುಂಬಿಸಿದರು. ಒಂದೊಂದು ಚೀಲವನ್ನೂ ಎಂದಿನಂತೆ ಮೊಣಕಾಲಿಗೆ ಎರಡು ಸಲ ಕುಟ್ಟಿ, ಮಣ್ಣು ಬಿಗಿಯಾಗಿದೆಯೇ ನೋಡಿ, ತಾವೇ ಕೈಗೆ ಕೊಟ್ಟರು. ಗೌಡರಿಗೆ ಏನೂ ಹೇಳಲಿಲ್ಲ. ಈ ಸಲದ ಬಳ್ಳಿ ಬಾಳ ಚೆನ್ನಾಗವೆ ಎಂದು ಅವರು ಖುಷಿಯಿಂದ ಹೋದರು. ಆ ವರ್ಷ ಅಕ್ಕನ ದಿಣ್ಣೆಯ ಗುಂಡಿಗಳಲ್ಲಿ ಮಳೆನೀರು ನಿಂತಿತು.

ನಾನು ಪೇಜು ಮುಚ್ಚಿಬಿಡುತ್ತೇನೆ ಎಂದು ಹೋದೆ. ತಪ್ಪೊಪ್ಪಿಗೆಯ ಹಾಗೆ ಫೋನನ್ನು ಅವರ ಮುಂದೆ ಇಟ್ಟೆ. ಮಳೆಗಾಲ ಇನ್ನೂ ಮುಗಿದಿಲ್ಲವಲ್ಲ, ಪರೀಕ್ಷೆ ನಡುವೆ ಎದ್ದು ಹೋಗುತ್ತೀಯಾ ಎಂದು ಕೇಳಿದರು. ಸೆಪ್ಟೆಂಬರಿನಲ್ಲಿ ಅವರಾಗಿಯೇ ಸ್ಟುಡಿಯೋಕ್ಕೆ ಬಂದು ಅದೇ ಸ್ಟೂಲಿನ ಮೇಲೆ ಕೂತರು. ಆ ವರ್ಷ ಒಂದು ಸಸಿಯೂ ಉಳಿದಿರಲಿಲ್ಲ, ಆರೂ ಜನಕ್ಕೆ ಕೆಲಸ ಇತ್ತು. ಅಷ್ಟಕ್ಕೇ ಅವರು ಒಪ್ಪುವವರಲ್ಲ.

“ತೋರ್ಸೋದು ಸುಲಭ ಕಣೋ. ಫೋನು ಕೆಟ್ಟದ್ದು ಅಂತ ನಾನು ಅನ್ನಾಕಿಲ್ಲ. ನೀನು ನಮ್ತಾವ ಏನೈತೆ ಅಂತ ತೋರ್ಸ್ದೆ. ಅದು ಯಾರಿಗೆ ಅಂತ ಇಟ್ಟಿರೋದು ಅನ್ನೋದು ಫೋನಿಗೆ ಗೊತ್ತಾಗಾಕಿಲ್ಲ. ಇನ್ಮೇಲೆ ನಮ್ಮ ಪಾತಿ ತೋರ್ಸಬ್ಯಾಡ. ನಮ್ಮ ಸಸಿ ಹೋದ ತಾವ ಹೆಂಗೈತೆ ಅಂತ ತೋರ್ಸು. ಬದುಕಿರೋದು, ಸತ್ತಿರೋದು, ಎಲ್ಡೂವೆ.”

ಸತ್ತದ್ದನ್ನೂ ಹಾಕಬೇಕೇ ಎಂದು ನಾನು ದಂಗಾಗಿ ಕೇಳಿದೆ. ಹಾಸನದ ಟೈ ಕಟ್ಟಿದವರು ಇದನ್ನು ಕೇಳಿದ್ದರೆ ಕುರ್ಚಿಯಿಂದ ಬೀಳುತ್ತಿದ್ದರು. ಆದರೆ ಅಕ್ಕ ಅದನ್ನು ಯೋಚಿಸಿಯೇ ಬಂದಿದ್ದರು. ಮಂಡಿನೋವು ಶುರುವಾಗಿ ಎಲ್ಲ ತೋಟಕ್ಕೂ ಹೋಗಿ ನೋಡುವುದು ಅವರಿಗೆ ಆಗುತ್ತಿರಲಿಲ್ಲ. ಸಸಿ ಕೊಂಡವರು ವರ್ಷದ ಮೇಲೆ ಒಂದು ಫೋಟೋ ಕಳಿಸಲಿ, ಸತ್ತಿದ್ದರೆ ಬುಡ ಅಗೆದು ಬೇರಿನ ಫೋಟೋ ಕಳಿಸಲಿ, ಯಾಕೆ ಸತ್ತಿತೆಂದು ನಾನು ಹೇಳುತ್ತೇನೆ, ನೀನು ಬರಿ. ಇದು ಅವರ ತೀರ್ಮಾನ. ಮೂವತ್ತು ವರ್ಷ ಕೊಡೆ ಹಿಡಿದು ಮಾಡಿದ ಕೆಲಸವನ್ನು ಅವರು ಫೋನಿಗೆ ವಹಿಸಿದರು.

ಮೊದಲು ಹಾಕಿದ್ದು ಆಲೂರು ಕಡೆಯ ಒಂದು ತೋಟದಲ್ಲಿ ಸತ್ತ ನಲವತ್ತು ಕಾಫಿ ಗಿಡ. ಆಳುಗಳು ಪ್ಲಾಸ್ಟಿಕ್ ಚೀಲ ಬಿಚ್ಚದೆಯೇ ನೆಟ್ಟಿದ್ದರು. ಬೇರು ಒಳಗೇ ಸುತ್ತಿಕೊಂಡು ಸತ್ತಿತ್ತು. ಅದನ್ನು ಬರೆದೆ. ಎರಡನೆಯದು ನನಗೆ ಹಾಕಲು ಮನಸ್ಸೇ ಬರಲಿಲ್ಲ. ಒಬ್ಬರ ತೋಟದಲ್ಲಿ ಎಂಬತ್ತು ಬಳ್ಳಿ ಸತ್ತಿದ್ದವು. ಬೇರಿನ ಫೋಟೋವನ್ನು ಅಕ್ಕ ಕಣ್ಣ ಹತ್ತಿರ ಹಿಡಿದು ನೋಡಿದರು. ಆ ಸಲದ ಗೊಬ್ಬರ ಪೂರ್ತಿ ಕಳಿತಿರಲಿಲ್ಲ, ಚೀಲದೊಳಗೇ ಬೇರು ಸುಟ್ಟಿದೆ, ನಮ್ಮ ತಪ್ಪು ಎಂದು ಬರೆ ಎಂದರು. ಹವಾಮಾನ ಅಂತ ಬರೆದರಾಗದೇ ಎಂದೆ. ಹೈವೇ ನರ್ಸರಿಯವರು ಇದನ್ನೇ ಹಿಡಿದುಕೊಂಡು ಆಡುತ್ತಾರೆ ಎಂದೆ. ಅಕ್ಕ ನನ್ನ ಕೈಯಿಂದ ಫೋನು ತೆಗೆದುಕೊಂಡರು. ಅವರಿಗೆ ಅದರಲ್ಲಿ ಟೈಪು ಮಾಡಲು ಬರುತ್ತಿರಲಿಲ್ಲ, ಕಾಲು ಗಂಟೆ ಹಿಡಿಯಿತು. ‘ನಮ್ಮ ತಪ್ಪು. ಬೇರೆ ಸಸಿ ಕೊಡ್ತೀವಿ. ಬನ್ನಿ.’ ಅಷ್ಟನ್ನೇ ಬರೆದು ವಾಪಸು ಕೊಟ್ಟರು.

ಹೈವೇಯವರು ಆಡಿಕೊಂಡರು, ನಿಜ. ಒಂದು ತಿಂಗಳು ಆಡಿಕೊಂಡರು. ಆಮೇಲೆ ತೋಟದವರು ಬರತೊಡಗಿದರು, ಬೇಲೂರಿನಿಂದ, ಮೂಡಿಗೆರೆಯಿಂದ. ಸತ್ತದ್ದನ್ನು ತೋರಿಸುವವರು ಸುಳ್ಳು ಹೇಳುವುದಿಲ್ಲ ಎಂಬ ಮಾತು ತಾನಾಗಿ ಹರಡಿತ್ತು. ಹಳೆಯ ಗಿರಾಕಿಗಳೂ ಮನೆಯ ಹೆಣ್ಣುಮಕ್ಕಳ ಫೋನಿನಲ್ಲಿ ನೋಡಿ, ನಮ್ಮದು ಇನ್ನೂ ಹಾಕಿಲ್ಲವಲ್ಲ ಎಂದು ಕೇಳತೊಡಗಿದರು. ಫೋನಿನ ಪಾತಿ ಒಂದು ಇದ್ದದ್ದು ಮೂರಾಯಿತು. ಮೊದಲಿನ ಗೂಟ, ಮೊಬೈಲ್ ಕವರು ಮಾತ್ರ ಬೇಲಿ ಪಕ್ಕವೇ ಉಳಿಯಿತು. ಆರು ಹೆಂಗಸರು ಒಂಬತ್ತು ಜನರಾದರು. ಅರಸೀಕೆರೆಯ ಮೇಷ್ಟ್ರು ಪ್ರತಿ ವರ್ಷ ತಪ್ಪದೆ ಫೋಟೋ ಕಳಿಸುತ್ತಾರೆ, ಸ್ಕೂಲಿನ ಪ್ರೋಗ್ರೆಸ್ ರಿಪೋರ್ಟಿನ ಹಾಗೆ, ಬದುಕಿದ್ದು ಇಷ್ಟು, ಸತ್ತದ್ದು ಇಷ್ಟು ಎಂದು ಕೆಳಗೆ ಬರೆದು.

ಮುಂದಿನ ಜೂನಿನಲ್ಲಿ ಅಕ್ಕ ತಮ್ಮ ದಿಣ್ಣೆಗೆ ಬಳ್ಳಿ ನೆಟ್ಟರು. ಒಂದು ವರ್ಷ ತಡವಾಗಿ. ಅದು ನನ್ನಿಂದ ಹೋದ ವರ್ಷ, ಅದನ್ನು ಅವರು ಒಂದು ದಿನವೂ ಆಡಿ ತೋರಿಸಲಿಲ್ಲ. ನೆಟ್ಟ ದಿನ ನಾನೂ ಇದ್ದೆ. ಎಲ್ಲ ಮರದ ಬುಡಕ್ಕೂ ಬಳ್ಳಿ ಬಿತ್ತು, ಮೂಲೆಯ ಒಂದು ಸಿಲ್ವರ್ ಮರ ಮಾತ್ರ ಹಾಗೇ ಉಳಿಯಿತು. ಒಂದು ಮರೆತಿರಿ ಎಂದೆ. ಇರಲಿ ಬಿಡು, ಅದು ಬೇರೆಯವರದು ಎಂದರು. ಬೇಲಿಯಾಚೆಯವರದೇನೋ ಎಂದು ನಾನೂ ಸುಮ್ಮನಾದೆ. ಹೋದ ಫೆಬ್ರವರಿಯಲ್ಲಿ ಆ ಬಳ್ಳಿಗಳು ಮೊದಲ ಸಲ ಫಸಲು ಕೊಟ್ಟಿದ್ದವು. ಸ್ವಂತ ಭೂಮಿಯ ಮೊದಲ ಮೆಣಸನ್ನು ಒಣಗಿಸಿ, ಪೇಪರಿನಲ್ಲಿ ಕಟ್ಟಿ, ನನಗೊಂದು ಹಿಡಿ ಕಳಿಸಿದ್ದರು. ಅದಾಗಿ ಮೂರು ವಾರಕ್ಕೆ ಲಕ್ಷ್ಮಮ್ಮ ನನ್ನ ಮೆಟ್ಟಿಲ ಮೇಲೆ ಬಂದು ನಿಂತರು.

ಫ್ಲೆಕ್ಸಿಗೆ ಅವರ ಕೈಯ ಫೋಟೋವನ್ನೇ ಹಾಕಿದೆ. ಅಂಗೈಯಲ್ಲಿ ಮಣ್ಣು, ಮುರಿದ ಬತ್ತಿ. ಕೆಳಗೆ ಹೆಸರೂ ಬೇಡ ಎಂದೆ. ನೆಂಟರು ಇದೇನು ಅವಲಕ್ಷಣ ಎಂದು ಗೊಣಗಿದರು. ಆದರೆ ಹೈವೇಯಲ್ಲಿ ಹೋಗುವ ಜೀಪುಗಳು ಅದನ್ನು ನೋಡಿ ನಿಲ್ಲತೊಡಗಿದವು. ಯಾರ ಕೈ ಎಂದು ಯಾರೂ ಕೇಳಲಿಲ್ಲ. ಪೇಜಿನಲ್ಲೂ ಅದನ್ನೇ ಹಾಕಿ, ಮಧ್ಯಾಹ್ನ ಮಣ್ಣು ಮಾಡುತ್ತಾರೆ ಎಂದಷ್ಟೇ ಬರೆದೆ.

ಅವರನ್ನು ಅವರ ದಿಣ್ಣೆಯಲ್ಲೇ, ಬಳ್ಳಿಗಳ ನಡುವೆ ಇಟ್ಟರು. ನಮ್ಮ ಕಡೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವುದು ರೂಢಿ. ಪಕ್ಕದಲ್ಲೇ ಅಗೆದ ಮಣ್ಣಿನ ರಾಶಿ ಇರುತ್ತದೆ, ಬಗ್ಗಿ ಅದರಿಂದ ತೆಗೆದು ಹಾಕುತ್ತಾರೆ. ತಮ್ಮಣ್ಣಗೌಡರು ಮುಂದೆ ಬಂದರು. ಅವರು ಬಗ್ಗಲಿಲ್ಲ. ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು, ಬಿಚ್ಚಿ, ಹೊಂಗಡಹಳ್ಳದ ಕಪ್ಪು ಮಣ್ಣನ್ನು ಹಾಕಿದರು. ಅವರ ಹಿಂದಿದ್ದವರ ಕೈಯಲ್ಲಿ ಹಾಲಿನ ಕವರಿತ್ತು. ಅದರ ಹಿಂದೆ ಟಿಫಿನ್ ಬಾಕ್ಸು. ಅರಸೀಕೆರೆಯ ಮೇಷ್ಟ್ರು ಅದೇ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು, ಮೇಲೆ ಬಿಳಿ ಬಟ್ಟೆ. ಯಾರೂ ಯಾರಿಗೂ ಹೇಳಿರಲಿಲ್ಲ. ಅಕ್ಕನ ಹತ್ತಿರ ಬರಿಗೈಲಿ ಹೋಗಬಾರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಸಾಲು ನೋಡಿ ನನಗೆ ಅಳುವಿಗಿಂತ ಹೆಮ್ಮೆಯೇ ಹೆಚ್ಚಾಯಿತು.

ನನ್ನ ಸರದಿ ಬಂತು. ಭೂಮಿ ಇಲ್ಲದವನು ನಾನು. ಸಾಲಿನಿಂದ ಹೊರಬಂದು, ಬೇಲಿ ಪಕ್ಕದ ಆ ಹಳೆಯ ಫೋನಿನ ಪಾತಿಗೆ ಹೋಗಿ, ಗೂಟದ ಬುಡದಿಂದ ಒಂದು ಹಿಡಿ ಕೆರೆದು ತಂದೆ. ಹಾಕುವ ಮೊದಲು ಲಕ್ಷ್ಮಮ್ಮ ನನ್ನ ಮುಷ್ಟಿ ಹಿಡಿದು ಬಿಚ್ಚಿದರು. ಚಿಟಿಕೆ ಮಣ್ಣು ತೆಗೆದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡಿದರು.

“ಈ ಮಣ್ಣಿಗೆ ಬಳ್ಳಿ ಬರ್ತದೆ ಕಣಪ್ಪ. ಜೂನ್‌ಗೆ ಬಾ, ಕೊಡ್ತೀನಿ. ಮೂಲೇಲಿರೋ ಸಿಲ್ವರ್ ಮರ ನಿಂದೇ ಅಂತೆ, ಅಕ್ಕ ಹೇಳವ್ರೆ.”